ಔಷಧಕ್ಕೆ ಬಗ್ಗದ ಆಮಶಂಕೆ

ಶಿಗೆಲ್ಲಾ ಮನುಷ್ಯನ ದೊಡ್ಡ ಕರುಳಿಗೆ ಲಗ್ಗೆಯಿಟ್ಟು ರಕ್ತಭೇದಿ ಉಂಟುಮಾಡುವ ಬ್ಯಾಕ್ಟೀರಿಯಾ. ಆಮಶಂಕೆಯ ಎರಡು ಮುಖ್ಯ ಕಾರಣಗಳಲ್ಲಿ ಅಮೀಬಾ ಒಂದಾದರೆ ಇದು ಇನ್ನೊಂದು. ಕೊಳಚೆ ಬೆರೆತ ನೀರು, ನೊಣ ಕೂತ ಆಹಾರ, ತೊಳೆಯದ ಕೈಗಳ ಮೂಲಕ ಹರಡುವ ಈ ಸೋಂಕು ಬಡ ದೇಶಗಳ ಮಕ್ಕಳನ್ನು ಇಂದಿಗೂ ಕಾಡುತ್ತಿದೆ. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 2 ಲಕ್ಷ 12 ಸಾವಿರ ಜನ ಇದಕ್ಕೆ ಬಲಿಯಾದರೆಂದು ಅಂದಾಜು ಮಾಡಲಾಗಿದೆ. ಇದೇ ಬ್ಯಾಕ್ಟೀರಿಯಾ ಶುದ್ಧ ನೀರು, ಒಳಚರಂಡಿ, ಒಳ್ಳೆಯ ಆಸ್ಪತ್ರೆ ಎಲ್ಲವೂ ಇರುವ ಲಂಡನ್, ಪ್ಯಾರಿಸ್, ಮೆಲ್ಬರ್ನ್, ಸ್ಯಾನ್ ಫ್ರಾನ್ಸಿಸ್ಕೊದಂಥ ನಗರಗಳಲ್ಲಿ ಲೈಂಗಿಕ ಸಂಪರ್ಕದ ಮೂಲಕವೂ ಹರಡುತ್ತಿದೆ. ಹಾಗೆ ಹರಡುತ್ತಿರುವ ಕೆಲವು ತಳಿಗಳು ವೈದ್ಯರು ಸಾಮಾನ್ಯವಾಗಿ ಬರೆಯುವ ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗುತ್ತಿಲ್ಲ.

ಬಡ ದೇಶದ ನೀರಿನ ಸಮಸ್ಯೆ ಮತ್ತು ಸಿರಿವಂತ ನಗರದ ಲೈಂಗಿಕ ಆರೋಗ್ಯದ ಸಮಸ್ಯೆ ಎಂದು ಇವೆರಡನ್ನು ಬೇರೆ ಮಾಡಿ ನೋಡುವಂತಿಲ್ಲ. ಒಂದು ಕಡೆ ಹುಟ್ಟಿದ ನಿರೋಧಕ ಶಕ್ತಿ ಇನ್ನೊಂದು ಕಡೆಗೆ ದಾಟಿ, ಅಲ್ಲಿ ಮತ್ತಷ್ಟು ಬಲಿತು, ಖಂಡಗಳನ್ನು ಸುತ್ತುತ್ತಿರುವುದನ್ನು ಕಳೆದ ಹದಿನೈದು ವರ್ಷಗಳ ಜೀನೋಮ್ ಅಧ್ಯಯನಗಳು ತೋರಿಸಿಕೊಟ್ಟಿವೆ.

ಹತ್ತೇ ಬ್ಯಾಕ್ಟೀರಿಯಾ ಸಾಕು

1897ರಲ್ಲಿ ಜಪಾನಿನಲ್ಲಿ ಆಮಶಂಕೆಯ ದೊಡ್ಡ ಪಿಡುಗು ಬಂತು. ಸುಮಾರು 90 ಸಾವಿರ ಮಂದಿಗೆ ಕಾಯಿಲೆ ತಗುಲಿತು. ಐವರಲ್ಲಿ ಒಬ್ಬರಂತೆ ಸತ್ತರು. ಟೋಕಿಯೊದ ಸಾಂಕ್ರಾಮಿಕ ರೋಗಗಳ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ಕಿತಸಾಟೊ ಅವರ ಕೈಕೆಳಗೆ ದುಡಿಯುತ್ತಿದ್ದ ಕಿಯೋಶಿ ಶಿಗಾ ಎಂಬ ಯುವ ವೈದ್ಯರು 36 ರೋಗಿಗಳನ್ನು ಪರೀಕ್ಷಿಸಿ, ಅವರ ಮಲದಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಮುಂದೆ ಇಡೀ ಕುಲಕ್ಕೆ ಅವರ ಹೆಸರೇ ಬಂತು. ಅದರಲ್ಲಿ ನಾಲ್ಕು ಪ್ರಭೇದಗಳಿವೆ: ಡಿಸೆಂಟ್ರಿಯೆ, ಫ್ಲೆಕ್ಸ್‌ನರಿ, ಬಾಯ್ಡಿ ಮತ್ತು ಸೊನ್ನೈ. ಇವುಗಳಲ್ಲಿ ಬಾಯ್ಡಿಗೆ ಹೆಸರು ಬಂದಿರುವುದು ಭಾರತದಲ್ಲಿ ಬ್ರಿಟಿಷ್ ಸೇನೆಯ ವೈದ್ಯರಾಗಿದ್ದು ಇಲ್ಲಿನ ಆಮಶಂಕೆಯನ್ನು ಅಧ್ಯಯನ ಮಾಡಿದ ಜಾನ್ ಬಾಯ್ಡ್ ಅವರಿಂದ. ಬಡ ದೇಶಗಳಲ್ಲಿ ಹೆಚ್ಚಾಗಿ ಫ್ಲೆಕ್ಸ್‌ನರಿ, ಸಿರಿವಂತ ದೇಶಗಳಲ್ಲಿ ಹೆಚ್ಚಾಗಿ ಸೊನ್ನೈ ಕಾಣಿಸುತ್ತವೆ. ಲೈಂಗಿಕ ಸಂಪರ್ಕದಿಂದ ಹರಡುತ್ತಿರುವವೂ ಮುಖ್ಯವಾಗಿ ಇವೆರಡೇ.

ಕಾಲರಾ ಬರಬೇಕಾದರೆ ಸಾಮಾನ್ಯವಾಗಿ ಲಕ್ಷಗಟ್ಟಲೆ ರೋಗಾಣುಗಳು ಹೊಟ್ಟೆ ಸೇರಬೇಕು. ಶಿಗೆಲ್ಲಾಕ್ಕೆ ಹತ್ತರಿಂದ ನೂರು ಸಾಕು. ಜಠರದ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕಿರುವುದೇ ಇದಕ್ಕೆ ಕಾರಣ. ಕಣ್ಣಿಗೆ ಕಾಣದಷ್ಟು ಮಲದ ಲೇಪ ಬೆರಳಿಗೆ ಅಂಟಿ ಬಾಯಿಗೆ ಹೋದರೂ ಸೋಂಕು ತಗುಲಬಹುದು. ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ದಾಟುವುದರಲ್ಲಿ ಇದು ಉಳಿದ ಕರುಳುಬೇನೆಗಳಿಗಿಂತ ಮುಂದಿರುವುದು ಇದರಿಂದಲೇ.

ದೊಡ್ಡ ಕರುಳನ್ನು ತಲುಪಿದ ಮೇಲೆ ಅದರ ಕೆಲಸದ ಬಗೆಯೇ ಬೇರೆ. ಕರುಳಿನ ಒಳಪದರದಲ್ಲಿ ಕಾವಲಿಗೆಂದೇ ಇರುವ ಕೆಲವು ವಿಶೇಷ ಕೋಶಗಳ ಮೂಲಕ ನುಸುಳಿ ಪದರದ ಹಿಂಬದಿಗೆ ಬರುತ್ತದೆ. ಸೂಜಿಯಂಥ ಒಂದು ರಚನೆಯಿಂದ ಪಕ್ಕದ ಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ಚುಚ್ಚುತ್ತದೆ. ಆ ಪ್ರೋಟೀನುಗಳ ಪ್ರಭಾವಕ್ಕೆ ಸಿಕ್ಕ ಕೋಶ ತಾನಾಗಿಯೇ ಬ್ಯಾಕ್ಟೀರಿಯಾವನ್ನು ಒಳಗೆ ಸೆಳೆದುಕೊಳ್ಳುತ್ತದೆ. ಒಳಗೆ ಸೇರಿದ ಶಿಗೆಲ್ಲಾ ಕೋಶದ ಆ್ಯಕ್ಟಿನ್ ಎಂಬ ಪ್ರೋಟೀನಿನಿಂದ ತನ್ನ ಹಿಂತುದಿಗೆ ಬಾಲ ಕಟ್ಟಿಸಿಕೊಂಡು, ಅದರ ಒತ್ತಡದಿಂದ ಮುಂದೆ ನುಗ್ಗಿ ಪಕ್ಕದ ಕೋಶಕ್ಕೆ ಹೊಗುತ್ತದೆ. ಹೀಗೆ ಒಳಗಿಂದೊಳಗೇ ಹರಡುವಾಗ ಒಳಪದರ ಹುಣ್ಣಾಗುತ್ತದೆ. ಜ್ವರ, ಹೊಟ್ಟೆ ಹಿಂಡಿದಂಥ ನೋವು, ಲೋಳೆ ಮತ್ತು ರಕ್ತ ಬೆರೆತ ಭೇದಿ, ಹೋಗಿ ಬಂದರೂ ಮತ್ತೆ ಹೋಗಬೇಕೆನಿಸುವ ಮುಕ್ಕರಿಕೆ ಎಲ್ಲವೂ ಈ ಹುಣ್ಣುಗಳ ಫಲ. ಸೋಂಕು ತಗುಲಿ ಒಂದರಿಂದ ನಾಲ್ಕು ದಿನಗಳಲ್ಲಿ ಲಕ್ಷಣಗಳು ಶುರುವಾಗುತ್ತವೆ. ಆರೋಗ್ಯವಂತರಲ್ಲಿ ಐದರಿಂದ ಏಳು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ಭೇದಿ ನಿಂತ ಮೇಲೂ ಕೆಲವು ವಾರಗಳವರೆಗೆ ಮಲದಲ್ಲಿ ಬ್ಯಾಕ್ಟೀರಿಯಾ ಹೊರಬೀಳುತ್ತಿರಬಹುದು. ಗುಣವಾಯಿತೆಂದು ರೋಗಿ ಅಂದುಕೊಂಡಾಗಲೂ ಅವರಿಂದ ಇನ್ನೊಬ್ಬರಿಗೆ ಸೋಂಕು ತಗುಲಬಲ್ಲದು.

ಲೈಂಗಿಕ ಸಂಪರ್ಕದ ದಾರಿ

ಶಿಗೆಲ್ಲಾ ಲೈಂಗಿಕವಾಗಿ ಹರಡುತ್ತದೆ ಎಂಬುದು ಹೊಸ ಸುದ್ದಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಾರ್ವಜನಿಕ ಆರೋಗ್ಯ ಇಲಾಖೆಯ ಡಾ. ಸೆಲ್ಮಾ ಡ್ರಿಟ್ಜ್ 1970ರ ದಶಕದಲ್ಲಿಯೇ ಅಲ್ಲಿನ ಸಲಿಂಗಿ ಪುರುಷರಲ್ಲಿ ಇದನ್ನು ಗಮನಿಸಿ ವರದಿ ಮಾಡಿದ್ದರು. ಆ ಕಾಲದ ವೈದ್ಯಸಾಹಿತ್ಯ ಇಂಥ ಸೋಂಕುಗಳನ್ನೆಲ್ಲ ಒಟ್ಟುಗೂಡಿಸಿ, ಅದಕ್ಕೆ ಸಲಿಂಗಿಗಳ ಹೆಸರು ಅಂಟಿಸಿದ್ದೂ ಉಂಟು. ರೋಗವನ್ನು ಜನರ ಗುರುತಿಗೆ ಕಟ್ಟಿಹಾಕುವ ಆ ಹೆಸರನ್ನು ವೈದ್ಯಕೀಯ ಕ್ಷೇತ್ರ ಈಗ ಕೈಬಿಟ್ಟಿದೆ. ಕೈಬಿಟ್ಟದ್ದು ಸರಿಯಾಗಿಯೇ ಇದೆ. ಸಂಗಾತಿ ಯಾರೇ ಇರಲಿ, ಮಲದ ಸೂಕ್ಷ್ಮ ಅಂಶ ಬಾಯಿಗೆ ಸೇರುವ ಯಾವುದೇ ಸಂಪರ್ಕದಿಂದ ಸೋಂಕು ದಾಟುತ್ತದೆ. ಗುದ ಮತ್ತು ಬಾಯಿಯ ನೇರ ಸಂಪರ್ಕ, ಗುದವನ್ನು ಮುಟ್ಟಿದ ಬೆರಳುಗಳು, ಬಳಸಿದ ಕಾಂಡೋಮನ್ನು ತೆಗೆಯುವ ಕೈ, ಹಂಚಿಕೊಂಡ ಸಾಧನಗಳು ಇವೆಲ್ಲ ಅದಕ್ಕೆ ದಾರಿಯಾಗುತ್ತವೆ. ಗಂಡು ಹೆಣ್ಣಿನ ನಡುವೆಯೂ ಇದು ಹೀಗೆಯೇ ದಾಟಬಲ್ಲದು.

ಹಾಗಿದ್ದರೂ ದೊಡ್ಡ ಪ್ರಮಾಣದ ಪ್ರಕರಣಗಳು ಪುರುಷರೊಂದಿಗೆ ಲೈಂಗಿಕ ಸಂಪರ್ಕ ಹೊಂದಿರುವ ಪುರುಷರಲ್ಲಿ ಕಾಣಿಸಿಕೊಂಡಿವೆ. ಅಲ್ಪಸಂಖ್ಯೆಯ ಸಮುದಾಯವೊಂದರೊಳಗೆ ಸಂಪರ್ಕಗಳು ಒಂದಕ್ಕೊಂದು ಹೆಣೆದುಕೊಂಡಿರುವುದು, ಹಲವು ಸಂಗಾತಿಗಳಿರುವವರ ಮೂಲಕ ಸೋಂಕು ಬೇಗ ಹಬ್ಬುವುದು, ಡೇಟಿಂಗ್ ಆ್ಯಪ್ ಮತ್ತು ವಿಮಾನಯಾನದಿಂದ ಊರೂರುಗಳ, ದೇಶದೇಶಗಳ ಕೊಂಡಿ ಬೆಸೆದಿರುವುದು ಇದಕ್ಕೆ ಕಾರಣಗಳು. ಎಚ್‌ಐವಿ ಇದ್ದು ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಶಿಗೆಲ್ಲಾ ಸೋಂಕು ಉಲ್ಬಣಿಸುವ, ಬಹುಕಾಲ ಉಳಿಯುವ ಅಪಾಯವೂ ಹೆಚ್ಚು.

ಶಿಗೆಲ್ಲಾ ಒಂದೇ ಈ ದಾರಿ ಹಿಡಿದಿಲ್ಲ. ಕ್ಯಾಂಪೈಲೊಬ್ಯಾಕ್ಟರ್, ಟೈಫಾಯ್ಡ್ ರೋಗಾಣು, ರಕ್ತಭೇದಿ ಉಂಟುಮಾಡುವ ಕೆಲವು ಇ. ಕೋಲಿ ತಳಿಗಳೂ ಲೈಂಗಿಕ ಸಂಪರ್ಕದಿಂದ ಹರಡಿದ ಉದಾಹರಣೆಗಳಿವೆ. ಆದರೆ ಔಷಧ ನಿರೋಧಕತೆಯಲ್ಲಿ ಶಿಗೆಲ್ಲಾ ಹೋದಷ್ಟು ದೂರವನ್ನು ಈ ದಾರಿಯಲ್ಲಿ ಬೇರೆ ಯಾವುದೂ ಹೋಗಿಲ್ಲ.

ನಿರೋಧಕತೆಯ ಹಳೆಯ ಕಥೆ

ಮೊದಲ ಮಹಾಯುದ್ಧದ ಕಾಲದಲ್ಲಿ, 1915ರ ಮಾರ್ಚ್‌ನಲ್ಲಿ, ಫ್ರಾನ್ಸಿನ ವಿಮರೂ ಎಂಬಲ್ಲಿದ್ದ ಸೇನಾ ಆಸ್ಪತ್ರೆಯಲ್ಲಿ ಅರ್ನೆಸ್ಟ್ ಕೇಬಲ್ ಎಂಬ ಬ್ರಿಟಿಷ್ ಸೈನಿಕ ಆಮಶಂಕೆಯಿಂದ ಸತ್ತ. ಅವನ ದೇಹದಿಂದ ತೆಗೆದ ಶಿಗೆಲ್ಲಾ ಫ್ಲೆಕ್ಸ್‌ನರಿಯನ್ನು ಸೇನಾ ಬ್ಯಾಕ್ಟೀರಿಯಾ ತಜ್ಞರು ಕಾಪಾಡಿ ಇಟ್ಟರು. ಬ್ರಿಟನ್ನಿನ ರಾಷ್ಟ್ರೀಯ ರೋಗಾಣು ಸಂಗ್ರಹ 1920ರಲ್ಲಿ ಶುರುವಾದಾಗ ಅದು ಅಲ್ಲಿನ ಒಂದನೇ ನಂಬರಿನ ಮಾದರಿಯಾಯಿತು. ಸುಮಾರು ನೂರು ವರ್ಷಗಳ ನಂತರ ವಿಜ್ಞಾನಿಗಳು ಆ ಬ್ಯಾಕ್ಟೀರಿಯಾಕ್ಕೆ ಮತ್ತೆ ಜೀವ ಕೊಟ್ಟು ಅದರ ಜೀನೋಮ್ ಓದಿದರು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಅದು ಪೆನಿಸಿಲಿನ್ ಮತ್ತು ಎರಿಥ್ರೊಮೈಸಿನ್ ಎರಡನ್ನೂ ತಡೆದುಕೊಳ್ಳುತ್ತಿತ್ತು. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಔಷಧ ಹುಟ್ಟುವ ಮೊದಲೇ ಅದನ್ನು ಎದುರಿಸುವ ಶಕ್ತಿ ಈ ಬ್ಯಾಕ್ಟೀರಿಯಾದಲ್ಲಿ ಇತ್ತು. ಮುಂದೆ ಮನುಷ್ಯ ಒಂದೊಂದೇ ಔಷಧ ತಂದಂತೆ, ಅದನ್ನು ತಡೆದುಕೊಳ್ಳುವ ತಳಿಗಳು ಉಳಿದವು, ಮಿಕ್ಕವು ಅಳಿದವು.

ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ ಆಮಶಂಕೆಗೆ ಸಲ್ಫಾ ಔಷಧಗಳನ್ನು ಧಾರಾಳವಾಗಿ ಕೊಡಲಾಯಿತು. ಕೆಲವೇ ವರ್ಷಗಳಲ್ಲಿ ಅವು ನಾಟದಾದವು. ಬದಲಿಗೆ ಬಂದವು ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್. 1955ರಲ್ಲಿ ಹಾಂಕಾಂಗ್‌ನಿಂದ ಮರಳಿದ ಜಪಾನೀ ಮಹಿಳೆಯೊಬ್ಬರಲ್ಲಿ ಈ ನಾಲ್ಕೂ ಔಷಧಗಳಿಗೆ ಒಮ್ಮೆಗೇ ಬಗ್ಗದ ಶಿಗೆಲ್ಲಾ ಸಿಕ್ಕಿತು. ಒಂದೇ ಬ್ಯಾಕ್ಟೀರಿಯಾದಲ್ಲಿ ನಾಲ್ಕು ಬೇರೆ ಬೇರೆ ರೂಪಾಂತರಗಳು ಏಕಕಾಲಕ್ಕೆ ಆಗುವುದು ಅಸಂಭವ. ಈ ಒಗಟನ್ನು 1959ರಲ್ಲಿ ಜಪಾನಿನ ವಿಜ್ಞಾನಿಗಳಾದ ತೊಮೊಯಿಚಿರೊ ಅಕಿಬಾ ಮತ್ತು ಕುನಿತಾರೊ ಒಚಿಯಾಯಿ ತಮ್ಮ ತಮ್ಮ ಪ್ರಯೋಗಗಳಲ್ಲಿ ಬಿಡಿಸಿದರು. ಕರುಳಿನಲ್ಲಿ ವಾಸಿಸುವ ಸಾಮಾನ್ಯ ಇ. ಕೋಲಿ ಬ್ಯಾಕ್ಟೀರಿಯಾ ನಾಲ್ಕೂ ನಿರೋಧಕ ಗುಣಗಳನ್ನು ಒಂದೇ ಗಂಟಿನಲ್ಲಿ ಶಿಗೆಲ್ಲಾಕ್ಕೆ ದಾಟಿಸುತ್ತಿತ್ತು. ಆ ಗಂಟೇ ಪ್ಲಾಸ್ಮಿಡ್: ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ಇರುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ನಕಲಾಗಿ ಹೋಗಬಲ್ಲ ಡಿಎನ್‌ಎ ಉಂಗುರ. ನಿರೋಧಕತೆ ತಾಯಿ ಕೋಶದಿಂದ ಮರಿ ಕೋಶಕ್ಕಷ್ಟೇ ಇಳಿಯದೆ ಪಕ್ಕದ ಬ್ಯಾಕ್ಟೀರಿಯಾಕ್ಕೂ ಅಂಟುತ್ತದೆ ಎಂಬುದನ್ನು ಜಗತ್ತು ಕಲಿತದ್ದು ಆಮಶಂಕೆಯ ಈ ಅಧ್ಯಯನಗಳಿಂದ.

ಆ ಪಾಠವನ್ನು ಅಲಕ್ಷಿಸಿದ್ದರ ಬೆಲೆ ದೊಡ್ಡದಾಗಿತ್ತು. 1960ರ ದಶಕದ ಕೊನೆಯಲ್ಲಿ ಗ್ವಾಟೆಮಾಲಾದಲ್ಲಿ ಶುರುವಾಗಿ ಮಧ್ಯ ಅಮೆರಿಕವನ್ನೆಲ್ಲ ವ್ಯಾಪಿಸಿದ ಪಿಡುಗನ್ನು ಮೊದಲಿಗೆ ಅಮೀಬಾದ ಆಮಶಂಕೆ ಎಂದು ತಪ್ಪಾಗಿ ತಿಳಿಯಲಾಗಿತ್ತು. ಅದು ಶಿಗಾ ಅವರು ಕಂಡಿದ್ದ ಡಿಸೆಂಟ್ರಿಯೆ ಪ್ರಭೇದವೇ ಎಂದು, ಅದೂ ಹಲವು ಔಷಧಗಳಿಗೆ ಬಗ್ಗದ ತಳಿ ಎಂದು ತಿಳಿಯುವ ಹೊತ್ತಿಗೆ ಬಹಳ ತಡವಾಗಿತ್ತು. ಐದು ಲಕ್ಷದಷ್ಟು ಜನ ಕಾಯಿಲೆ ಬಿದ್ದು, ಸುಮಾರು 20 ಸಾವಿರ ಮಂದಿ ಸತ್ತರು.

ಒಂದು ಪ್ಲಾಸ್ಮಿಡ್, ಮೂರು ಪಿಡುಗು

ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ವಿದೇಶ ಪ್ರಯಾಣ ಮಾಡಿ ಬಂದವರಲ್ಲೇ ಹೆಚ್ಚಾಗಿ ಕಾಣುತ್ತಿದ್ದ ಶಿಗೆಲ್ಲಾ ಫ್ಲೆಕ್ಸ್‌ನರಿ 3ಎ ಎಂಬ ಉಪಬಗೆ, 2009ರ ನಂತರ ಎಲ್ಲಿಗೂ ಹೋಗಿರದ ವಯಸ್ಕ ಪುರುಷರಲ್ಲಿ ಏರುತ್ತ ಹೋಯಿತು. ವಿಚಾರಿಸಿದಾಗ ಅವರಲ್ಲಿ ಬಹುಪಾಲು ಪುರುಷರೊಂದಿಗೆ ಲೈಂಗಿಕ ಸಂಪರ್ಕ ಹೊಂದಿದವರು ಎಂದು ಗೊತ್ತಾಯಿತು. ಅದರ ಬೆನ್ನಿಗೇ ಫ್ಲೆಕ್ಸ್‌ನರಿ 2ಎ, ನಂತರ ಸೊನ್ನೈ ಇದೇ ಸಮುದಾಯದಲ್ಲಿ ಹಬ್ಬಿದವು.

ವಿಜ್ಞಾನಿ ಕೇಟ್ ಬೇಕರ್ ಮತ್ತು ಸಂಗಡಿಗರು ಹಲವು ಖಂಡಗಳಿಂದ ಬಂದ 3ಎ ಮಾದರಿಗಳ ಜೀನೋಮ್ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಏರಿಕೆಯ ಒಳಗುಟ್ಟನ್ನು ತೆರೆದಿಟ್ಟಿತು. ಸಲಿಂಗಿ ಪುರುಷರಲ್ಲಿ ಹರಡಿದ್ದ ತಳಿ ಬ್ರಿಟನ್ನಿಗೆ ಸೀಮಿತವಾಗಿರದೆ ಖಂಡದಿಂದ ಖಂಡಕ್ಕೆ ದಾಟಿತ್ತು. ಅದು ಅಜಿತ್ರೊಮೈಸಿನ್ ಔಷಧವನ್ನು ತಡೆಯುವ ಎರಡು ಜೀನ್‌ಗಳನ್ನು ಒಂದು ಪ್ಲಾಸ್ಮಿಡ್‌ನಲ್ಲಿ ಹೊತ್ತಿತ್ತು. ಪಿಕೆಎಸ್‌ಆರ್100 ಎಂದು ಆ ಪ್ಲಾಸ್ಮಿಡ್ಡಿಗೆ ಹೆಸರು. 2018ರಲ್ಲಿ ಇದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 3ಎ, 2ಎ ಮತ್ತು ಸೊನ್ನೈ ಮೂರರಲ್ಲೂ ಇದೇ ಪ್ಲಾಸ್ಮಿಡ್ ಇರುವುದನ್ನು ತೋರಿಸಿತು. ಮೂರು ಬೇರೆ ಬೇರೆ ಬ್ಯಾಕ್ಟೀರಿಯಾಗಳು ಒಂದರ ಹಿಂದೊಂದು ಪಿಡುಗಾಗಿ ಬೆಳೆದದ್ದರ ಹಿಂದೆ ಒಂದೇ ಡಿಎನ್‌ಎ ಉಂಗುರ ಇತ್ತು.

ಮುಂದಿನ ತಿರುವು ಬಂದದ್ದು ಕೋವಿಡ್ ನಿರ್ಬಂಧಗಳು ಸಡಿಲಗೊಂಡ ಮೇಲೆ. 2021ರ ಸೆಪ್ಟೆಂಬರ್ ಮತ್ತು 2022ರ ಮಾರ್ಚ್ ಮೊದಲ ದಿನಗಳ ನಡುವೆ ಬ್ರಿಟನ್ನಿನಲ್ಲಿ 84 ಮಂದಿಗೆ ಅತಿವ್ಯಾಪಕ ನಿರೋಧಕತೆಯ ಸೊನ್ನೈ ಸೋಂಕು ತಗುಲಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿತು. ಯುರೋಪಿನ ಇತರ ಹಲವು ದೇಶಗಳಿಂದಲೂ ಇಂಥವೇ ವರದಿಗಳು ಬಂದವು. ಇದೇ ಪ್ಲಾಸ್ಮಿಡ್‌ನ ಬಂಧುವೊಂದು ಈಗ ಸೆಫ್ಟ್ರಿಯಾಕ್ಸೋನ್ ಗುಂಪಿನ ಔಷಧಗಳನ್ನು ಒಡೆದುಹಾಕುವ ಸಿಟಿಎಕ್ಸ್‌-ಎಂ-27 ಎಂಬ ಕಿಣ್ವದ ಜೀನನ್ನೂ ಸೇರಿಸಿಕೊಂಡಿತ್ತು. ಫ್ರಾನ್ಸಿನಲ್ಲಿ 2015ರಲ್ಲಿ ಮೊದಲ ಬಾರಿಗೆ ಕಂಡ ಅತಿವ್ಯಾಪಕ ನಿರೋಧಕತೆ 2021ರ ಹೊತ್ತಿಗೆ ಅಲ್ಲಿನ ಸೊನ್ನೈ ಮಾದರಿಗಳಲ್ಲಿ ಶೇ 22ರಷ್ಟಕ್ಕೆ ಏರಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2023ರ ಫೆಬ್ರುವರಿಯಲ್ಲಿ ದೇಶದ ವೈದ್ಯರಿಗೆಲ್ಲ ಎಚ್ಚರಿಕೆ ಕಳುಹಿಸಿತು. ಅಮೆರಿಕದಲ್ಲಿ 2015ರಲ್ಲಿ ಅಂಥ ಒಂದು ಪ್ರಕರಣವೂ ಇರಲಿಲ್ಲ. 2022ರಲ್ಲಿ ವರದಿಯಾದ ಶಿಗೆಲ್ಲಾ ಸೋಂಕುಗಳಲ್ಲಿ ಸುಮಾರು ಶೇ 5ರಷ್ಟು ಈ ಬಗೆಯವು.

ಅತಿವ್ಯಾಪಕ ನಿರೋಧಕತೆ ಎಂದರೆ ಏನೆಂಬುದನ್ನೂ ಸಿಡಿಸಿ ಸ್ಪಷ್ಟವಾಗಿ ಹೇಳಿದೆ. ಆಂಪಿಸಿಲಿನ್, ಕೋಟ್ರೈಮೊಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಅಜಿತ್ರೊಮೈಸಿನ್, ಸೆಫ್ಟ್ರಿಯಾಕ್ಸೋನ್ ಈ ಐದೂ ನಾಟದಿರುವುದು. ಆಮಶಂಕೆಗೆ ವೈದ್ಯರು ಬರೆಯುವ ಪಟ್ಟಿ ಬಹುತೇಕ ಇಷ್ಟೇ.

ದಕ್ಷಿಣ ಏಷ್ಯಾದ ಕೊಂಡಿ

ಈ ಐದರಲ್ಲಿ ಸಿಪ್ರೊಫ್ಲಾಕ್ಸಸಿನ್ ನಿರೋಧಕತೆಯ ಮೂಲ ನಮ್ಮ ನೆಲದ ಹತ್ತಿರವೇ ಇದೆ. ಸಿಪ್ರೊಫ್ಲಾಕ್ಸಸಿನ್‌ಗೆ ಬಗ್ಗದ ಸೊನ್ನೈ ಮಾದರಿಗಳನ್ನು ಏಷ್ಯಾ, ಯುರೋಪ್, ಆಸ್ಟ್ರೇಲಿಯಾಗಳಿಂದ ಸಂಗ್ರಹಿಸಿ ಹೋಲಿಸಿದ 2016ರ ಅಧ್ಯಯನವೊಂದು, ಅವೆಲ್ಲ ದಕ್ಷಿಣ ಏಷ್ಯಾದಲ್ಲಿ ಹುಟ್ಟಿದ ಒಂದೇ ವಂಶದ ಕವಲುಗಳೆಂದು ಕಂಡುಕೊಂಡಿತು. ಔಷಧ ಹೋಗಿ ಅಂಟಬೇಕಾದ ಪ್ರೋಟೀನುಗಳಲ್ಲಿ ಮೂರು ಬದಲಾವಣೆಗಳು ಒಂದರ ಮೇಲೊಂದು ಸೇರಿ ಈ ವಂಶ ಗಟ್ಟಿಯಾಗಿತ್ತು. ಯುರೋಪಿನಲ್ಲಿ ಲೈಂಗಿಕ ಸಂಪರ್ಕದ ಮೂಲಕ ಹರಡಿದ ಅತಿವ್ಯಾಪಕ ನಿರೋಧಕತೆಯ ಸೊನ್ನೈ ಇದೇ ವಂಶದ್ದು. ಸಿಪ್ರೊಫ್ಲಾಕ್ಸಸಿನ್ ನಿರೋಧಕತೆಯನ್ನು ವರ್ಣತಂತುವಿನಲ್ಲಿ ಹೊತ್ತು ಬಂದ ಈ ತಳಿ ಲೈಂಗಿಕ ಜಾಲದೊಳಗೆ ಓಡಾಡುತ್ತಿದ್ದ ಪ್ಲಾಸ್ಮಿಡ್ಡನ್ನು ಪಡೆದುಕೊಂಡಿತು. ಎರಡೂ ಸೇರಿದ ಮೇಲೆ ಬಾಯಿಂದ ನುಂಗುವ ಔಷಧಗಳ ದಾರಿ ಬಹುಮಟ್ಟಿಗೆ ಮುಚ್ಚಿತು.

ಆ ಮೂರು ಬದಲಾವಣೆಗಳು ಎಲ್ಲಿಂದ ಬಂದವೆಂದು ತಿಳಿಯಲು ಕರ್ನಾಟಕದ ಯಾವುದೇ ಊರಿನ ಮೆಡಿಕಲ್ ಶಾಪ್ ಮುಂದೆ ಒಂದು ಸಂಜೆ ನಿಂತರೆ ಸಾಕು. ‘ಲೂಸ್ ಮೋಷನ್ ಆಗ್ತಿದೆ, ಏನಾದ್ರೂ ಮಾತ್ರೆ ಕೊಡಿ’ ಎಂದು ಕೇಳುವವರಿಗೆ ಒಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಬೆರೆತ ನಾಲ್ಕು ಮಾತ್ರೆ ಕತ್ತರಿಸಿ ಕೊಡುವುದು ದಿನನಿತ್ಯದ ರೂಢಿ. ಒಫ್ಲಾಕ್ಸಸಿನ್ ಸಿಪ್ರೊಫ್ಲಾಕ್ಸಸಿನ್‌ನ ಗುಂಪಿಗೇ ಸೇರಿದ್ದು. ಮಕ್ಕಳ ಭೇದಿಗೆ ಹೆಚ್ಚಾಗಿ ವೈರಸ್ ಕಾರಣವಾದ್ದರಿಂದ ಈ ಮಾತ್ರೆ ಅದಕ್ಕೆ ಏನೂ ಮಾಡುವುದಿಲ್ಲ. ಭೇದಿ ಎರಡು ದಿನದಲ್ಲಿ ತಾನಾಗಿ ನಿಲ್ಲುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಲ್ಲಿ ಆ ಔಷಧಕ್ಕೆ ಸಾಯದವು ಮಾತ್ರ ಉಳಿದು ಬೆಳೆಯುತ್ತವೆ. ಸೆಫಲೊಸ್ಪೊರಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡುವಂತೆ ಕೇಂದ್ರ ಸರ್ಕಾರ 2014ರಲ್ಲಿ ಎಚ್1 ಪಟ್ಟಿ ಜಾರಿಗೆ ತಂದಿತು. ನಿಯಮ ಬಂದರೂ ರೂಢಿ ಇನ್ನೂ ಬದಲಾಗಬೇಕಿದೆ.

ನಮ್ಮ ಸುತ್ತಲಿನ ಶಿಗೆಲ್ಲಾ ಪ್ರಕರಣಗಳಲ್ಲಿ ನೀರು ಮತ್ತು ಆಹಾರದ ಮೂಲಕ ಬಂದವೇ ಹೆಚ್ಚು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿ ಒಬ್ಬ ವಿದ್ಯಾರ್ಥಿನಿ ಮೃತಪಟ್ಟಾಗ, ರೋಗಿಗಳಲ್ಲಿ ಪತ್ತೆಯಾದದ್ದು ಶಿಗೆಲ್ಲಾ. ಬ್ಯಾಕ್ಟೀರಿಯಾಕ್ಕೆ ಈ ದಾರಿ, ಆ ದಾರಿ ಎಂಬ ಭೇದವಿಲ್ಲ. ಲೈಂಗಿಕ ಜಾಲದಲ್ಲಿ ಬಲಿತ ತಳಿ ಅಡುಗೆಮನೆಗೆ, ಅಂಗನವಾಡಿಗೆ ಬರಲು ಒಬ್ಬರ ತೊಳೆಯದ ಕೈ ಸಾಕು.

ಬೇರೆ ರೋಗದ ಔಷಧ, ಕರುಳಿಗೆ ಪೆಟ್ಟು

ಲೈಂಗಿಕ ಜಾಲದೊಳಗೆ ಅಜಿತ್ರೊಮೈಸಿನ್ ನಿರೋಧಕತೆ ಇಷ್ಟು ಬೇಗ ಬೇರೂರಿದ್ದಕ್ಕೆ ಶಿಗೆಲ್ಲಾ ಚಿಕಿತ್ಸೆಯೊಂದೇ ಕಾರಣವಲ್ಲ. ಗೊನೊರಿಯಾ, ಕ್ಲಮೀಡಿಯಾದಂಥ ಬೇರೆ ಲೈಂಗಿಕ ಸೋಂಕುಗಳಿಗೆ ವರ್ಷಗಳ ಕಾಲ ಇದೇ ಔಷಧ ಕೊಡಲಾಗಿದೆ. ಪದೇ ಪದೇ ಈ ಸೋಂಕುಗಳಿಗೆ ಒಳಗಾಗುವವರ ಕರುಳಿಗೆ ಅಜಿತ್ರೊಮೈಸಿನ್ ಪದೇ ಪದೇ ಇಳಿಯುತ್ತದೆ. ಆ ಹೊತ್ತಿಗೆ ಅಲ್ಲಿ ಶಿಗೆಲ್ಲಾ ಇದ್ದರೆ, ಅಥವಾ ನಿರೋಧಕ ಪ್ಲಾಸ್ಮಿಡ್ ಹೊತ್ತ ಇ. ಕೋಲಿ ಇದ್ದರೂ, ಗುರಿಯಲ್ಲದ ಆ ಬ್ಯಾಕ್ಟೀರಿಯಾದ ಮೇಲೂ ಒತ್ತಡ ಬೀಳುತ್ತದೆ.

ಭಾರತದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಡಿ ನಡೆಯುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕುಗಳಿಗೆ ಲಕ್ಷಣ ನೋಡಿ ಬಣ್ಣದ ಕಿಟ್‌ಗಳಲ್ಲಿ ಔಷಧ ಕೊಡುವ ಪದ್ಧತಿ ಇದೆ. ಮೂತ್ರನಾಳ ಅಥವಾ ಗುದದಿಂದ ಕೀವು ಬರುವವರಿಗೆ ಕೊಡುವ ಬೂದು ಬಣ್ಣದ ಮೊದಲನೇ ಕಿಟ್‌ನಲ್ಲಿ ಒಂದು ಗ್ರಾಂ ಅಜಿತ್ರೊಮೈಸಿನ್ ಮತ್ತು ಸೆಫ್ಟ್ರಿಯಾಕ್ಸೋನ್ ಗುಂಪಿನ ಸೆಫಿಕ್ಸಿಮ್ 400 ಮಿಲಿಗ್ರಾಂ ಇರುತ್ತವೆ. ಪ್ರಯೋಗಾಲಯ ಹತ್ತಿರವಿಲ್ಲದ ಕಡೆ ಈ ಕಿಟ್‌ಗಳು ಅಸಂಖ್ಯ ಜನರನ್ನು ಕಾಪಾಡಿವೆ, ಅವು ಬೇಕೇ ಬೇಕು. ಆದರೆ ಅತಿವ್ಯಾಪಕ ನಿರೋಧಕತೆಯ ಶಿಗೆಲ್ಲಾ ಮಣಿಯದಿರುವುದು ಈ ಎರಡು ಔಷಧಗಳ ಗುಂಪಿಗೇ. ಸೋಂಕನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಂಡು ಬೇಕಾದ ಔಷಧವನ್ನಷ್ಟೇ ಕೊಡುವತ್ತ ವ್ಯವಸ್ಥೆ ಸಾಗಬೇಕೆಂದು ಹೇಳುವುದು ಇದಕ್ಕಾಗಿಯೇ.

ಇನ್ನೊಂದು ಹೊಸ ಪ್ರಶ್ನೆಯೂ ಎದ್ದಿದೆ. ಅಸುರಕ್ಷಿತ ಸಂಪರ್ಕದ ನಂತರ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ತೆಗೆದುಕೊಂಡರೆ ಸಿಫಿಲಿಸ್ ಮತ್ತು ಕ್ಲಮೀಡಿಯಾ ಗಣನೀಯವಾಗಿ ಕಡಿಮೆಯಾಗುತ್ತವೆ. ಹೆಚ್ಚಿನ ಅಪಾಯದಲ್ಲಿರುವವರಿಗೆ ಈ ಕ್ರಮವನ್ನು ಸಿಡಿಸಿ 2024ರಲ್ಲಿ ಶಿಫಾರಸು ಮಾಡಿತು. ಅದರ ಪ್ರಯೋಜನ ನಿಜ. ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಗುಂಪಿಗೆ ಶಿಗೆಲ್ಲಾ ಬಹುಕಾಲದಿಂದ ನಿರೋಧಕತೆ ಬೆಳೆಸಿಕೊಂಡಿರುವುದೂ ನಿಜ. ಆದ್ದರಿಂದ ಈ ಮಾತ್ರೆಯ ಬಳಕೆ ಹೆಚ್ಚಿದಲ್ಲೆಲ್ಲ ಕರುಳಿನ ರೋಗಾಣುಗಳ ಮೇಲೆ ನಿಗಾ ಇಡಬೇಕೆಂದು ತಜ್ಞರು ಒತ್ತಾಯಿಸುತ್ತಿದ್ದಾರೆ.

ಪತ್ತೆ ಮಾಡುವ ಬಗೆ

ಶಿಗೆಲ್ಲಾ ಪತ್ತೆಗೆ ಮಲದ ಕಲ್ಚರ್ ಪರೀಕ್ಷೆ ಬೇಕು. ಆ್ಯಂಟಿಬಯಾಟಿಕ್ ಶುರುಮಾಡುವ ಮೊದಲೇ ಮಾದರಿ ಕೊಡಬೇಕು. ಮಲದಲ್ಲಿ ಈ ಬ್ಯಾಕ್ಟೀರಿಯಾ ಬೇಗ ಸಾಯುವುದರಿಂದ ಮಾದರಿ ತಡಮಾಡದೆ ಪ್ರಯೋಗಾಲಯ ಸೇರಬೇಕು. ಅಲ್ಲಿ ಮಾದರಿಯನ್ನು ಪೋಷಕಾಂಶವಿರುವ ಅಗರ್ ತಟ್ಟೆಯ ಮೇಲೆ ಎಳೆದು ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಮ್ಯಾಕ್‌ಕಾಂಕಿ ಅಗರ್‌ನಲ್ಲಿ ಲ್ಯಾಕ್ಟೋಸ್ ಬಳಸುವ ಇ. ಕೋಲಿ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆದರೆ, ಶಿಗೆಲ್ಲಾ ಬಣ್ಣವಿಲ್ಲದ ಮಸುಕು ಚುಕ್ಕೆಗಳಾಗಿ ನಿಲ್ಲುತ್ತದೆ. ಆ ಚುಕ್ಕೆಯೊಂದನ್ನು ತೆಗೆದು ಇನ್ನೊಂದು ತಟ್ಟೆಯ ಮೇಲೆಲ್ಲ ಸವರಿ, ಔಷಧ ಅದ್ದಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತಾರೆ. ಔಷಧ ನಾಟಿದರೆ ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ ಮೂಡುತ್ತದೆ. ಅತಿವ್ಯಾಪಕ ನಿರೋಧಕತೆಯ ಶಿಗೆಲ್ಲಾದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಐದೂ ಔಷಧಗಳ ಬಿಲ್ಲೆಗಳ ಬಳಿಗೇ ಬಂದು ಬೆಳೆದಿರುತ್ತದೆ.

ಈಗ ಹಲವು ಆಸ್ಪತ್ರೆಗಳಲ್ಲಿ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುವ ಪಿಸಿಆರ್ ಪರೀಕ್ಷೆ ಬಂದಿದೆ. ಶಿಗೆಲ್ಲಾ ಇದೆಯೆಂದು ಅದು ಬೇಗ ಹೇಳುತ್ತದೆ. ಆದರೆ ಯಾವ ಔಷಧ ನಾಟುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಪಿಸಿಆರ್ ಪಾಸಿಟಿವ್ ಬಂದ ಮಾದರಿಯನ್ನೂ ಕಲ್ಚರ್‌ಗೆ ಹಾಕಬೇಕು ಎನ್ನುವುದು ಅದಕ್ಕೇ. ಬ್ರಿಟನ್ನಿನ ಪಿಡುಗು ಅಷ್ಟು ಬೇಗ ಬೆಳಕಿಗೆ ಬಂದದ್ದಕ್ಕೆ ಅಲ್ಲಿ ಶಿಗೆಲ್ಲಾ ಮಾದರಿಗಳ ಜೀನೋಮನ್ನು ವಾಡಿಕೆಯಾಗಿಯೇ ಓದುವ ವ್ಯವಸ್ಥೆ ಇದ್ದದ್ದು ಮುಖ್ಯ ಕಾರಣ.

ಚಿಕಿತ್ಸೆ ಮತ್ತು ತಡೆ

ಹೆಚ್ಚಿನ ರೋಗಿಗಳಿಗೆ ಆ್ಯಂಟಿಬಯಾಟಿಕ್ ಅಗತ್ಯವಿಲ್ಲ. ಕಳೆದುಹೋದ ನೀರು, ಲವಣಗಳನ್ನು ಒಆರ್‌ಎಸ್‌ನಿಂದ ತುಂಬಿಕೊಂಡು, ಹಗುರ ಊಟ ಮಾಡಿ, ವಿಶ್ರಾಂತಿ ತೆಗೆದುಕೊಂಡರೆ ವಾರದೊಳಗೆ ಗುಣವಾಗುತ್ತದೆ. ಜ್ವರ ಮತ್ತು ರಕ್ತಭೇದಿ ಇರುವಾಗ ಭೇದಿಯನ್ನು ಥಟ್ಟನೆ ಕಟ್ಟುವ ಲೋಪೆರಮೈಡ್‌ನಂಥ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ಕಾಯಿಲೆ ತೀವ್ರವಾದಾಗ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ರಕ್ತಕ್ಕೆ ಸೋಂಕು ಇಳಿದಾಗ ಮಾತ್ರ ಔಷಧ ಅನಿವಾರ್ಯ. ಆಗ ಕಲ್ಚರ್ ವರದಿ ನೋಡಿಯೇ ಔಷಧ ಆರಿಸಬೇಕು. ಐದೂ ಗುಂಪು ಸೋತಲ್ಲಿ ಮೆರೊಪೆನೆಮ್‌ನಂಥ ಇಂಜೆಕ್ಷನ್‌ಗಳು, ಕೆಲವೊಮ್ಮೆ ಫಾಸ್ಫೊಮೈಸಿನ್ ಉಳಿಯುತ್ತವೆ. ಮೆರೊಪೆನೆಮ್ ಕೊಡಲು ಆಸ್ಪತ್ರೆಗೆ ಸೇರಿಸಬೇಕು. ತೀವ್ರ ನಿಗಾ ಘಟಕಗಳಲ್ಲಿ ಜೀವ ಉಳಿಸಲು ಕಾಯ್ದಿಟ್ಟ ಔಷಧ ಅದು. ಆಮಶಂಕೆಗೂ ಅದನ್ನೇ ಸುರಿದರೆ ಅದೂ ನಾಟದಾಗುವ ದಿನ ದೂರವಿರುವುದಿಲ್ಲ. ಸಿಪ್ರೊಫ್ಲಾಕ್ಸಸಿನ್ ಸೇರಿದ ಫ್ಲೋರೊಕ್ವಿನೊಲೋನ್ ಗುಂಪಿಗೆ ಬಗ್ಗದ ಶಿಗೆಲ್ಲಾವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ 2024ರ ಪಟ್ಟಿಯಲ್ಲಿ ಹೆಚ್ಚಿನ ಆದ್ಯತೆಯ ರೋಗಾಣುಗಳ ಸಾಲಿಗೆ ಸೇರಿಸಿದೆ. ಹಲವು ಲಸಿಕೆಗಳು ಮಾನವ ಪ್ರಯೋಗದ ಹಂತದಲ್ಲಿವೆ.

ತಡೆಯುವ ಕ್ರಮಗಳು ಸರಳ. ಭೇದಿಯಿರುವಾಗ ಮತ್ತು ಅದು ನಿಂತ ನಂತರ ಕನಿಷ್ಠ ಏಳು ದಿನ ಲೈಂಗಿಕ ಸಂಪರ್ಕ ಬೇಡವೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಸಿಡಿಸಿ ಎರಡು ವಾರ ಎನ್ನುತ್ತದೆ. ಸಂಪರ್ಕದ ಮೊದಲು ಮತ್ತು ನಂತರ ಕೈ, ಜನನಾಂಗ, ಗುದದ ಭಾಗವನ್ನು ಸೋಪಿನಿಂದ ತೊಳೆಯಬೇಕು. ಬಾಯಿಯ ಸಂಪರ್ಕಕ್ಕೆ ತಡೆಪೊರೆ, ಬೆರಳಿನ ಸಂಪರ್ಕಕ್ಕೆ ಗ್ಲೌಸ್ ಬಳಸಬಹುದು. ಎಚ್‌ಐವಿ ತಡೆಯಲು ತೆಗೆದುಕೊಳ್ಳುವ ಪ್ರೆಪ್ ಮಾತ್ರೆ ಶಿಗೆಲ್ಲಾವನ್ನು ತಡೆಯುವುದಿಲ್ಲ. ಕಾಂಡೋಮ್ ಒಂದೇ ಸಾಕಾಗುವುದಿಲ್ಲ. ಕಾಯಿಲೆ ಇರುವಾಗ ಬೇರೆಯವರಿಗೆ ಅಡುಗೆ ಮಾಡಬಾರದು, ಈಜುಕೊಳಕ್ಕೆ ಇಳಿಯಬಾರದು, ಟವೆಲ್ ಹಂಚಿಕೊಳ್ಳಬಾರದು.

ಇಷ್ಟೆಲ್ಲ ತಿಳಿದಿದ್ದರೂ ರೋಗಿ ಮತ್ತು ವೈದ್ಯರ ನಡುವೆ ಮಾತೇ ಆಗದಿದ್ದರೆ ಪ್ರಯೋಜನವಿಲ್ಲ. ರಕ್ತಭೇದಿಯಾದ ವಯಸ್ಕರನ್ನು ‘ಹೊರಗೆ ಏನು ತಿಂದಿರಿ’ ಎಂದು ಎಲ್ಲ ವೈದ್ಯರೂ ಕೇಳುತ್ತಾರೆ. ಇತ್ತೀಚಿನ ಲೈಂಗಿಕ ಸಂಪರ್ಕದ ಬಗ್ಗೆ ಕೇಳುವವರು ಅಪರೂಪ. ಕೇಳಿದರೂ ಅವಮಾನದ ಭಯದಲ್ಲಿ ಸತ್ಯ ಹೇಳುವವರು ಇನ್ನೂ ಅಪರೂಪ. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ಆ ತೀರ್ಪಿನ ನ್ಯಾಯ ವೈದ್ಯರ ಕೊಠಡಿಯನ್ನೂ ತಲುಪಬೇಕು. ರೋಗಿಯ ನಡತೆಯ ಬಗ್ಗೆ ತೀರ್ಪು ಕೊಡುವ ವೈದ್ಯರು ಸೋಂಕಿನ ದಾರಿಯನ್ನು ಕತ್ತಲಲ್ಲಿಡುತ್ತಾರೆ, ಅದರ ಲಾಭ ಬ್ಯಾಕ್ಟೀರಿಯಾಕ್ಕೆ ಹೋಗುತ್ತದೆ. ಮುಜುಗರವಿಲ್ಲದೆ ಮಾಹಿತಿ ಬೇಕೆನ್ನುವವರಿಗೆ ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಿವೆ, 1097 ಎಂಬ ಉಚಿತ ಸಹಾಯವಾಣಿ ಇದೆ.

ಮಲದಲ್ಲಿ ರಕ್ತ ಕಂಡರೆ ಮೆಡಿಕಲ್ ಶಾಪ್‌ಗೆ ಹೋಗದೆ ವೈದ್ಯರ ಬಳಿಗೆ ಹೋಗಿ. ಮಾತ್ರೆಗಿಂತ ಮೊದಲು ಮಲಪರೀಕ್ಷೆ ಮಾಡಿಸಿ. ವೈದ್ಯರು ಆ್ಯಂಟಿಬಯಾಟಿಕ್ ಬೇಡವೆಂದರೆ ಒತ್ತಾಯಿಸಬೇಡಿ, ಬರೆದುಕೊಟ್ಟರೆ ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಉಳಿದಿರುವ ಕೆಲವೇ ಔಷಧಗಳನ್ನು ಮುಂದಿನವರಿಗೆ ಕಾಪಾಡುವ ಹೊಣೆ ಅವುಗಳನ್ನು ಬರೆಯುವವರದ್ದು, ಮಾರುವವರದ್ದು, ನುಂಗುವವರದ್ದು. ಮೂವರೂ ಅದನ್ನು ಹೊರಲೇಬೇಕು.